ಐದು ಇಂಚು

"ತಿಮ್ಮಣ್ಣ, ಸುತ್ತಿಗೆ ಕೆಳಗಿಡಿ."

ಸೌಜನ್ಯಾ ಹೆಲ್ಮೆಟ್ ತೆಗೆಯುವುದರೊಳಗೆ ಅಡಿಗೆಕಟ್ಟೆಯ ಗ್ರಾನೈಟ್ ಆಗಲೇ ಎದ್ದು ಗೋಡೆಗೆ ಒರಗಿತ್ತು. ಮೇಸ್ತ್ರಿ ತಿಮ್ಮಣ್ಣ ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದ.

"ಹೂವಪ್ಪಣ್ಣ ಹೇಳಿದ್ರು ಮೇಡಂ. ಐದಿಂಚು ಏರಿಸ್ಬೇಕಂತೆ."

"ಪುಸ್ತಕದಲ್ಲಿ ಸೈನ್ ಆಗಿದ್ಯಾ?"

"ಬಾಯಲ್ಲಿ ಹೇಳಿದ್ರು."

ಹೋದ ವರ್ಷ ಬಾಯಿಮಾತಿಗೆ ಒಂದು ಕಿಟಕಿ ಮುಚ್ಚಿಸಿ ಅಣ್ಣತಮ್ಮಂದಿರ ಜಗಳದಲ್ಲಿ ಸಿಕ್ಕಿಬಿದ್ದ ಮೇಲೆ ಸೌಜನ್ಯಾ ತನ್ನ ಗುತ್ತಿಗೆಯ ಮನೆಗಳಿಗೆಲ್ಲ ಒಂದು ಪುಸ್ತಕ ಇಟ್ಟಿದ್ದಳು. ಏನು ಬದಲಾವಣೆ, ಏನು ಕಾರಣ, ಯಾರ ಸಹಿ. ಸೈಟು ಯಾರ ಹೆಸರಿನಲ್ಲಿದೆಯೋ ಅವರ ಸಹಿ ಬೀಳದೆ ಇಟ್ಟಿಗೆ ಅಲುಗಬಾರದು. ತೀರ್ಥಹಳ್ಳಿಯ ಈ ಸೈಟು ಇದ್ದುದು ಹೂವಪ್ಪನ ಹೆಂಡತಿ ಜಲಜಮ್ಮನ ಹೆಸರಿನಲ್ಲಿ.

ಹೂವಪ್ಪ ಖಾಸಗಿ ಬಸ್ಸಿನ ಡ್ರೈವರ್. ಆರಡಿ ಎತ್ತರ. ಅಷ್ಟರಲ್ಲಿ ಸೈಟಿಗೆ ಬಂದ ಅವನು, ಸೌಜನ್ಯಾ ಕೇಳಿದ್ದಕ್ಕೆ ಮೆಲ್ಲಗೆ ಕಾರಣ ಹೇಳಿದ. ಅವಳು ಹಾಗೆಯೇ ಬರೆದುಕೊಂಡಳು. ಆಮೇಲೆ ಅವನು ಹೆಂಡತಿಯನ್ನು ಕರೆತರಲು ಆಟೋ ತೆಗೆದುಕೊಂಡು ಹೋದ.

ಜಲಜಮ್ಮ ಶಾಲೆಯ ಬಿಸಿಯೂಟದ ಅಡಿಗೆಯವಳು. ಆರು ವಾರದ ಹಿಂದೆ ಶಾಲೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು. ಆಮೇಲೆ ಬಾಡಿಗೆ ಮನೆಯಿಂದ ಅವಳು ಹೊರಬಂದದ್ದು ಇದೇ ಮೊದಲು. ವಾಕರ್ ಊರುತ್ತ, ಒಂದೊಂದು ಹೆಜ್ಜೆಗೂ ಗಂಡನನ್ನು ಬೈಯುತ್ತ ಒಳಗೆ ಬಂದವಳು ಕಟ್ಟೆ ನೋಡಿ ನಿಂತುಬಿಟ್ಟಳು.

"ಎಂತ ಇದು? ಇಪ್ಪತ್ತೊಂಬತ್ತು ಇಂಚು ಅಂತ ನನ್ನ ಮೊಣಕೈಗೆ ದಾರ ಹಿಡಿದು ಅಳತೆ ತಗೊಂಡಿದ್ರಲ್ಲ ತಿಮ್ಮಣ್ಣ?"

ತಿಮ್ಮಣ್ಣ ಹೂವಪ್ಪನ ಕಡೆ ನೋಡಿದ.

"ಇನ್ಮೇಲೆ ಅಡಿಗೆ ನಂದು ಮಾರಾಯ್ತಿ," ಎಂದ ಹೂವಪ್ಪ. "ಆರು ವಾರ ಬಗ್ಗಿ ಬಗ್ಗಿ ಬೆನ್ನು ಹೋಯ್ತು. ಹುಲಿಕಲ್ ಘಾಟೀಲಿ ಬಸ್ ಇಳಿಸೋನಿಗೆ ಒಂದು ಒಗ್ಗರಣೆ ಹಾಕಕ್ಕೆ ಬರಲ್ವಾ?"

"ನಿಮ್ಮ ಸಾರು ಕುಡಿದ್ರೂ ಘಾಟಿ ಇಳಿದಂಗೇ ಆಗುತ್ತೆ. ಹೊಟ್ಟೆ ತೊಳಸುತ್ತೆ."

ತಿಮ್ಮಣ್ಣನಿಗೆ ನಗು ತಡೆಯಲಾಗಲಿಲ್ಲ. ಸೌಜನ್ಯಾ ಪುಸ್ತಕ ಚಾಚಿದಳು. ಜಲಜಮ್ಮ ಒಂದು ಕೈಯಲ್ಲಿ ವಾಕರ್ ಹಿಡಿದು ನಿಧಾನವಾಗಿ ಓದಿದಳು. ಕಾರಣ ಎಂಬಲ್ಲಿ ಬೆರಳು ನಿಂತಿತು.

"'ಮನೆಯವರು ಇನ್ನು ಮುಂದೆ ನಿಂತು ಅಡಿಗೆ ಮಾಡುವುದಿಲ್ಲ.' ಇದನ್ನ ಯಾರು ಹೇಳಿದ್ದು?"



"ಡಾಕ್ಟ್ರು ನಿಲ್ಲಬೇಡಿ ಅಂದಿಲ್ವಾ?" ಎಂದ ಹೂವಪ್ಪ.

"ಈಗ ನಿಲ್ಲಬೇಡಿ ಅಂದ್ರು. ಯಾವತ್ತೂ ನಿಲ್ಲಲ್ಲ ಅಂದ್ರಾ?"

"ನಿಂಗೆ ಕಷ್ಟ ಆಗ್ಬಾರ್ದು ಅಂತ..."

"ಹದಿನೆಂಟು ವರ್ಷ ಆ ಶಾಲೇಲಿ ಎದೆ ಎತ್ತರದ ಒಲೆ ಮುಂದೆ ತುದಿಗಾಲಲ್ಲಿ ನಿಂತೆ. ಒಂದು ಕಟ್ಟೆ ನನ್ನ ಅಳತೆಗೆ ಇರ್ಲಿ ಅಂದಿದ್ದೆ ಅಷ್ಟೇ."

ಹೂವಪ್ಪ ಅವಳ ಬೆನ್ನಿಗೆ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ಅವಳು ಕೂರಲಿಲ್ಲ. ಅವನು ಸೌಜನ್ಯಾಳ ಕಡೆ ತಿರುಗಿದ.

"ಮೇಡಂ, ಆ ಕಾರಣ ಹೊಡೆದುಹಾಕಿ. ಗಂಡನಿಗೆ ಅಡಿಗೆ ಮೇಲೆ ಆಸೆ ಹುಟ್ಟಿದೆ ಅಂತ ಬರೀರಿ."

ಸೌಜನ್ಯಾ ನಗದೆ ಹಳೆಯ ಸಾಲಿನ ಮೇಲೆ ಗೆರೆ ಎಳೆದು, ಅವನು ಹೇಳಿದ್ದನ್ನೇ ಬರೆದಳು. ಹೂವಪ್ಪ ಪೆನ್ನನ್ನು ಪ್ಯಾಂಟಿಗೆ ಒರೆಸಿ ಹೆಂಡತಿಯ ಮುಂದೆ ಹಿಡಿದ. ಅವನ ಬೆರಳುಗಳ ಮೇಲೆ ಒಗ್ಗರಣೆ ಸಿಡಿದ ಕಪ್ಪು ಚುಕ್ಕೆಗಳಿದ್ದವು. ಜಲಜಮ್ಮ ಆ ಕೈಯನ್ನು ಹಿಡಿದು, ಒಂದೊಂದು ಚುಕ್ಕೆಯನ್ನೂ ಹೆಬ್ಬೆರಳಿಂದ ಸವರಿ, ಪೆನ್ನಿನ ಸಮೇತ ಮೆಲ್ಲಗೆ ಮಡಚಿದಳು.

"ಇನ್ನೂ ಸ್ವಲ್ಪ ದಿನ ಬಗ್ಗಿ ಮಾಡಿ," ಎಂದಳು. "ನಾನು ಸೈನ್ ಹಾಕಲ್ಲ."