ನಾಣ್ಯದ ಮೇಲೆ ಮಾತಾಡಬಾರದು

ಊಟದ ಮೇಜಿನ ಮೇಲೆ ಕಪ್ಪು ಮಖಮಲ್ಲು ಹಾಸಿದರೆ ಸಾಕು, ವರ್ಲಿನ್‌ನ ಮನೆಯಲ್ಲಿ ಮಾತು ನಿಂತುಬಿಡುತ್ತಿತ್ತು. ಜಗಳವೇನಲ್ಲ, ಅದು ನಾಣ್ಯ ಕೂಡಿಸುವವರ ನೇಮ. ಕವಚದಿಂದ ಹೊರತೆಗೆದ ನಾಣ್ಯದ ಮೇಲೆ ಬಾಯಿ ಬಿಡಬಾರದು. ಮಾತಾಡುವಾಗ ಸಿಡಿಯುವ ಎಂಜಲು ಆ ಹೊತ್ತಿಗೆ ಕಣ್ಣಿಗೆ ಬೀಳುವುದಿಲ್ಲ. ವರ್ಷಗಳು ಕಳೆದ ಮೇಲೆ ಅದೇ ಜಾಗದಲ್ಲಿ ಕಂದು ಚುಕ್ಕೆ ಏಳುತ್ತದೆ, ಆಮೇಲೆ ತಿಪ್ಪರಲಾಗ ಹಾಕಿದರೂ ಹೋಗುವುದಿಲ್ಲ. ಹಾಗಾಗಿ ಮದುವೆಯಾದಾಗಿನಿಂದ ಅವನೂ ಹೆಂಡತಿ ಆರ್ಡಿಸಳೂ ಭಾನುವಾರ ಮಧ್ಯಾಹ್ನ ಕಿಟಕಿಯ ಪಕ್ಕ ತುಟಿ ಬಿಗಿದು ಕೂತು, ಹಳೆಯ ಅಧ್ಯಕ್ಷರೊಬ್ಬರ ಮುಖ ಅಚ್ಚೊತ್ತಿದ ಐಕ್ ಡಾಲರು ನಾಣ್ಯಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಕೋಟಿಗಟ್ಟಲೆ ಹೊಡೆದ ನಾಣ್ಯ ಅದು. ಅದಕ್ಕೂ ಬರವೇ ಎಂದು ನಗುವವರು ನಗಲಿ. ಅಂಗೈ ತುಂಬುವಷ್ಟು ದೊಡ್ಡದು, ಭಾರ ಬೇರೆ. ಚೀಲದೊಳಗೆ ಒಂದಕ್ಕೊಂದು ಬಡಿದುಕೊಂಡು, ಟಂಕಸಾಲೆಯ ಬಾಗಿಲು ದಾಟುವಷ್ಟರಲ್ಲೇ ನಾಣ್ಯದ ಮೇಲಿನ ಅಧ್ಯಕ್ಷರ ಕೆನ್ನೆ ತುಂಬ ಗೀರು. ಉಳಿದದ್ದನ್ನು ಜೂಜಿನ ಯಂತ್ರಗಳು ನುಂಗಿ ಉಗುಳಿದವು. ಚಿಲ್ಲರೆ ಕಾಸನ್ನು ಯಾರು ತಾನೇ ಜೋಪಾನ ಮಾಡುತ್ತಾರೆ? ಗೀರಿಲ್ಲದ ಒಂದೇ ಒಂದು ಕೆನ್ನೆಯನ್ನು ನೋಡಬೇಕೆಂಬುದು ಗಂಡಹೆಂಡಿರ ಹುಚ್ಚು.

ಹೋದ ಶರತ್ಕಾಲದಲ್ಲಿ ಆರ್ಡಿಸಳಿಗೆ ಲಕ್ವ ಹೊಡೆಯಿತು. ನಡಿಗೆ ಮರಳಿತು, ಎಡಗೈ ಚೆನ್ನಾಗಿಯೇ ಇತ್ತು, ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಮಾತು ಮಾತ್ರ ಹೊರಡಲಿಲ್ಲ. ದಿನವಿಡೀ ಮಾತಾಡಿಸುತ್ತಿರಿ ಎಂದು ಆಸ್ಪತ್ರೆಯ ಥೆರಪಿಯವಳು ಹೇಳಿ ಕಳಿಸಿದಳು. ವರ್ಲಿನ್ನೋ, ಮೊದಲೇ ಬಾಯಿಸತ್ತ ಪ್ರಾಣಿ. ಹಿಮ, ಕಾಫಿ, ಪಕ್ಕದ ಮನೆಯ ನಾಯಿ ಇಷ್ಟು ಮುಗಿದರೆ ಅವನ ಸರಕು ಖಾಲಿ. ಆಮೇಲೆ ಮನೆ ಭಣಗುಟ್ಟುತ್ತಿತ್ತು.

ಆಗ ಅವನು ಮಖಮಲ್ಲು ಹಾಸುತ್ತಿದ್ದ. ಈಗೀಗ ದಿನವೂ ಹಾಸುತ್ತಿದ್ದ. ಹಾಸಿದ ಕೂಡಲೇ ಅವಳ ಮೌನ ಹಳೆಯ ಮೌನವೇ ಆಗಿಬಿಡುತ್ತಿತ್ತು. ಕಿಟಕಿಯಾಚೆ ವಿಸ್ಕಾನ್ಸಿನ್ನಿನ ಹಿಮ ಸದ್ದಿಲ್ಲದೆ ಇಳಿಯುತ್ತಿತ್ತು, ಬೆಳ್ಳಗಿನ ಬೆಳಕು ಮೇಜಿನ ಮೇಲೆ ತೇಲುತ್ತಿತ್ತು. ಆ ಮಂಪರಿನಲ್ಲಿ, ಇವಳು ನೇಮ ಪಾಲಿಸುತ್ತಿದ್ದಾಳೆ ಅಷ್ಟೇ, ಬಟ್ಟೆ ಮಡಚಿದರೆ ಮಾತಾಡುತ್ತಾಳೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅದಕ್ಕೇ ಮಡಚುವುದನ್ನು ಆದಷ್ಟು ಮುಂದೂಡುತ್ತಿದ್ದ.

ಆರ್ಡಿಸಳ ತಂಗಿ ಲವಾನ್ ಒಂದು ಮಧ್ಯಾಹ್ನ ಆಲೂಗಡ್ಡೆ, ಮಾಂಸ ಬೇಯಿಸಿಕೊಂಡು ಬಂದವಳು ಇದನ್ನು ನೋಡಿ ಭಾವನನ್ನು ಅಡುಗೆಮನೆಗೆ ಕರೆದಳು.

"ಮಾತಾಡ್ಸಿ ಅಂದ್ರೆ ಮೌನವ್ರತ ಹಿಡಿಸಿ ಕೂರ್ಸಿದೀರಲ್ಲ ಭಾವ, ಏನ್ ಹೇಳೋಣ ನಿಮ್ಗೆ."

"ಅವಳಿಗೆ ಇಷ್ಟ ಕಣಮ್ಮ ಅದು."

"ಅವಳಿಗಲ್ಲ, ನಿಮ್ಗೆ. ಮೇಜು ಬಿಟ್ಟು ಎದ್ರೆ ಅವಳಿಗೆ ಮಾತಿಲ್ಲ ಅನ್ನೋದು ನೆನಪಾಗುತ್ತೆ, ಅದಕ್ಕೆ."

ವರ್ಲಿನ್ ತಲೆ ತಗ್ಗಿಸಿದ. "ಅವಳ ದನೀನೇ ಮರೀತಾ ಇದೀನಿ ಲವಾನ್. ಹೆದರಿಕೆ ಆಗುತ್ತೆ," ಎಂದ.

ಲವಾನ್ ಪಾತ್ರೆಯನ್ನು ಓವನ್ನಿನೊಳಗಿಟ್ಟು ಹೊರಟುಹೋದಳು.

ಅವನು ಮತ್ತೆ ಬಂದು ಕೂತು, ಬ್ಯಾಂಕಿನಿಂದ ತಂದಿದ್ದ ನಾಣ್ಯದ ಕಟ್ಟೊಂದನ್ನು ಬಿಚ್ಚಿದ. ಗೀರು, ತರಚು, ಮತ್ತೆ ಗೀರು. ನಡುವಿನಿಂದ ಬಂದ ಒಂದು ನಾಣ್ಯ ಅವನ ಬೆರಳುಗಳ ನಡುವೆಯೇ ನಿಂತಿತು. ದೀಪದಡಿ ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಎಳೆಗೂಸಿನಂಥ ಕೆನ್ನೆ. ಕೂಗಬೇಕೆನಿಸಿತು, ಅಭ್ಯಾಸ ಬಾಯಿ ಕಟ್ಟಿತು. ಅಂಚು ಹಿಡಿದು ಹೆಂಡತಿಯತ್ತ ಚಾಚಿದ.

ಆರ್ಡಿಸ್ ಎಡಗೈಯಲ್ಲಿ ಅಂಚನ್ನೇ ಹಿಡಿದು ಮಖಮಲ್ಲಿನ ಮೇಲಿಟ್ಟುಕೊಂಡು ಭೂತಗನ್ನಡಿಗೆ ಬಾಗಿದಳು. ಬಹಳ ಹೊತ್ತು ನೋಡಿದಳು. ಹಿಮ ಬೀಳುತ್ತಲೇ ಇತ್ತು. ಅವಳ ತುಟಿ ಅದುರಿದ್ದು ವರ್ಲಿನ್‌ಗೆ ಕನಸಿನಲ್ಲಿ ನಡೆದಂತೆ ಕಂಡಿತು.

"ಗೀ... ರು."

ಎಂಜಲಿನ ಹನಿಯೊಂದು ನಾಣ್ಯದ ಕೆನ್ನೆಯ ಮೇಲೆಯೇ ಬಿತ್ತು. ಆರ್ಡಿಸ್ ಗಾಬರಿಯಿಂದ ಬಾಯಿಗೆ ಕೈ ಅಡ್ಡ ಹಿಡಿದಳು. ಮಾತು ಬಂದದ್ದಕ್ಕಲ್ಲ, ನಾಣ್ಯ ಕೆಟ್ಟಿತೆಂದು. ಕೂಡಲೇ ತೊಳೆದರೆ ಉಳಿಯುತ್ತದೆ, ತೊಳೆಯುವ ದ್ರವದ ಶೀಶೆ ಅವನ ಮೊಣಕೈ ಪಕ್ಕದಲ್ಲೇ ಇತ್ತು.

ವರ್ಲಿನ್ ಅದನ್ನು ಮುಟ್ಟಲಿಲ್ಲ. ಬಾಗಿ ನೋಡಿದ. ಕೆನ್ನೆಯ ತುದಿಯಲ್ಲಿ, ದವಡೆಯ ಹತ್ತಿರ ಕೂದಲೆಳೆಯಷ್ಟು ಸಣ್ಣ ಗೀರು, ಇದ್ದದ್ದು ನಿಜ. ಅವನು ನಾಣ್ಯದ ಮೇಲೆಯೇ ಬಾಯಿ ತೆರೆದ.

"ಎಲ್ಲೇ? ನಂಗೇನೂ ಕಾಣ್ತಿಲ್ಲಪ್ಪ. ಸುಳ್ಳು ಹೇಳ್ತಿದೀಯ."

ಆರ್ಡಿಸಳಿಗೆ ರೇಗಿತು. ಬಾಯಿಂದ ಕೈ ತೆಗೆದು, ಉಗುರನ್ನು ಆ ಕೆನ್ನೆಗೇ ಊರಿದಳು. "ಇ... ಇಲ್ಲಿ. ಗೀರು."

"ಕಾಣ್ತಿಲ್ಲ ಕಣೇ," ಎಂದ ವರ್ಲಿನ್, "ಇನ್ನೊಂದ್ಸಲ ಹೇಳು."