ಕಂಪ್ಯೂಟರಿಗೆ ಸೆಕೆ

ನಂದಿದುರ್ಗ ಚಿನ್ನದ ಗಣಿ ಕಾಲೋನಿಯ ಹೊಲಿಗೆ ಶೆಡ್ಡಿನಲ್ಲಿ ಹೆಂಗಸರಿಗಿದ್ದ ಒಂದೇ ಫ್ಯಾನನ್ನು ಮ್ಯಾನೇಜರ್ ಸೀನಪ್ಪ ಎತ್ತಿಕೊಂಡು ಹೋಗಿ ಕಂಪ್ಯೂಟರಿನ ಮುಂದಿಟ್ಟ. ಬಂಗಾರಪೇಟೆಯಿಂದ ಆಳು ಕರೆಸಿ ಆ ಹಳೆಯ ಡಬ್ಬಕ್ಕೆ ಹೊಸ ವಿಂಡೋಸ್ ಹಾಕಿಸಿದ್ದ. ಹೊಸ ಹೊರೆ ಹೊರಲಾರದೆ ಅದರ ಮೈ ಕಾಯುತ್ತಿತ್ತು. ತಗಡಿನ ಸೂರಿನಡಿ ಬೆಂದುಹೋದ ಮಾರಿಯಮ್ಮ ತನ್ನ ಹೊಲಿಗೆ ಮೆಷಿನ್ನನ್ನೇ ಎಳೆದು ತಂದು ಕಂಪ್ಯೂಟರಿನ ಪಕ್ಕ ಕೂತಳು.

"ಎದ್ದೇಳಮ್ಮ, ಅದು ಕೆಲಸ ಮಾಡ್ತೈತೆ," ಎಂದ ಸೀನಪ್ಪ.

ಪರದೆಯ ಮೇಲೆ ಮರಳುಗಡಿಯಾರದ ಚಿತ್ರವೊಂದು ಬುಡಬುಡಿಕೆಯಂತೆ ನಿಂತಿತ್ತು.

"ಏನ್ ಕೆಲಸ ಸಾಮಿ? ಬೆಳಗ್ಗಿಂದ ಬುಡಬುಡಿಕೆ ಇಟ್ಕೊಂಡು ಕೂತೈತೆ, ಒಂದು ಶಕುನಾನೂ ನುಡಿದಿಲ್ಲ. ನಾನು ಆಗ್ಲೇ ಆರು ಲಂಗ ಒಲ್ದೆ."

"ನಿನ್ನ ಜಾಗಕ್ಕೆ ಓಗ್ತೀಯೋ ಇಲ್ವೋ?"

ಮಾರಿಯಮ್ಮ ಏಳನೆಯ ಲಂಗವನ್ನು ಸೂಜಿಯಡಿ ಸರಿಸಿದಳು.

"ಅದನ್ನೇ ಅಲ್ಲಿ ಕೂರ್ಸಿ ಸಾಮಿ. ನಾನು ಏಳಲ್ಲ."