ಹೋಲ್ಡಪ್ಪನ ಗಿರಾಕಿ

ಫೋನ್ ಹಲಗೆಯ ಮೇಲಿನ ಕೆಂಪು ದೀಪ ಎರಡನೇ ಸಲ ಮಿನುಗುವಷ್ಟರಲ್ಲಿ ಅವನು ಕರೆ ಎತ್ತಿಕೊಂಡಿದ್ದ. "ನಮಸ್ಕಾರ, ನೀರಿನ ದೂರು ವಿಭಾಗ, ಹೇಳಿ." ಆ ಕಡೆಯಿದ್ದ ಗೃಹಸ್ಥರು ತಮ್ಮ ಮನೆ ನಲ್ಲಿಯಲ್ಲಿ ನಾಲ್ಕು ದಿನದಿಂದ ಗಾಳಿ ಮಾತ್ರ ಬರುತ್ತಿದೆ ಎಂದರು. ನಂಬಿಕೆ ಬರಲಿ ಎಂದೋ ಏನೋ, ಆ ಗಾಳಿಯ ಸದ್ದನ್ನು ಬಾಯಲ್ಲಿ ಮಾಡಿಯೂ ತೋರಿಸಿದರು. ಅವನು ವಿಳಾಸ ಬರೆದುಕೊಂಡ. ಬರೆದುಕೊಳ್ಳುತ್ತಲೇ ಆ ಸದ್ದು ಯಾವ ಸ್ವರಕ್ಕೆ ಹತ್ತಿರ ಎಂದು ಲೆಕ್ಕ ಹಾಕಿದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ.

ಕರೆ ಮುಗಿಯುವುದನ್ನೇ ಕಾಯುತ್ತಿದ್ದ ಮೇಲ್ವಿಚಾರಕಿ ಕೋಣೆಯ ನಡುವೆ ಬಂದು ನಿಂತಳು. ಈ ವಿಭಾಗಕ್ಕೆ ಬಂದು ಮೂರೇ ತಿಂಗಳಾಗಿತ್ತು, ಕೆಟ್ಟವಳಲ್ಲ, ಅವಸರದವಳು.

"ಶುಕ್ರವಾರ ಸಂಜೆ ಐದಕ್ಕೆ ಹೊಸ ಫೋನ್ ವ್ಯವಸ್ಥೆ ಶುರು. ಕಾಯೋರಿಗೆ ಇನ್ಮೇಲೆ ನೀರು ಉಳಿಸೋದು ಹೇಗೆ ಅಂತ ಹೇಳ್ತೀವಿ. ಆ ಹಳೇ ಪೀಪಿ ಹೋಗುತ್ತೆ, ಸದ್ಯ."

ಪಕ್ಕದ ಮೇಜಿನ ಅಕ್ಕ ಅವನ ಕಡೆ ನೋಡಿ, ತಕ್ಷಣ ತನ್ನ ಕನ್ನಡಕ ಒರೆಸಿಕೊಳ್ಳತೊಡಗಿದಳು. ಆ ಪೀಪಿ ಯಾರದೆಂದು ಮೇಲ್ವಿಚಾರಕಿಗೆ ಗೊತ್ತಿರಲಿಲ್ಲ. ಅವನು ಮುಂದಿನ ಕರೆಗೆ ಕೈ ಚಾಚಿದ.

ಇಪ್ಪತ್ತೆರಡು ವರ್ಷದ ಹಿಂದೆ ಈ ಕಚೇರಿಗೆ ಮೊದಲ ಫೋನ್ ಯಂತ್ರ ಬಂದಾಗ, ಕಾಯುವವರ ಕಿವಿಗೆ ಹಾಕಲು ಒಂದು ಸಂಗೀತ ಬೇಕಾಗಿತ್ತು. ಕೊಂಡುಕೊಳ್ಳಬೇಕೆಂದರೆ ಕಡತ ಐದು ಮೇಜು ದಾಟಬೇಕು. ಅಂದಿನ ಸಾಹೇಬರು ಅವನನ್ನು ಕರೆದು, "ಲೋ, ನೀನು ಊಟದ ಹೊತ್ತಲ್ಲಿ ಏನೋ ಊದ್ತಿರ್ತೀಯಲ್ಲ, ಅದನ್ನೇ ಊದೋ," ಎಂದಿದ್ದರು. ಅವನು ತನ್ನ ಮೌತ್ ಆರ್ಗನ್ ಹಿಡಿದು, ಹಳೆಯ ಮೀಟರುಗಳನ್ನು ರಾಶಿ ಹಾಕಿದ್ದ ಉಗ್ರಾಣದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ತಾನೇ ಕಟ್ಟಿದ ಒಂದು ಧಾಟಿಯನ್ನು ಊದಿ ರೆಕಾರ್ಡ್ ಮಾಡಿದ. ಎರಡು ನಿಮಿಷ ಐವತ್ತು ಸೆಕೆಂಡು. ಮೊದಲ ಎರಡು ನಿಮಿಷ ಸಾಹೇಬರಿಗೆ ಒಪ್ಪುವ ಹಾಗೆ, ಸಭ್ಯವಾಗಿ. ಕೊನೆಯ ಐವತ್ತು ಸೆಕೆಂಡು ಮಾತ್ರ ತನಗಾಗಿ. ಅಲ್ಲಿ ಧಾಟಿ ಇದ್ದಕ್ಕಿದ್ದಂತೆ ಮೇಲಕ್ಕೆ ಹೋಗಿ, ಇನ್ನು ಇಳಿಯುವುದೇ ಇಲ್ಲವೇನೋ ಅನ್ನಿಸಿ, ಆಮೇಲೆ ಇಳಿಯುತ್ತಿತ್ತು. ಉಸಿರು ಮುಗಿದು ಅವನು ಬಾಯಿಂದ ಅದನ್ನು ತೆಗೆದ ಮೇಲೆ ಉಗ್ರಾಣದ ನಲ್ಲಿ ತೊಟ್ಟಿಕ್ಕುವ ಸದ್ದು ನಾಲ್ಕು ಹನಿಯಷ್ಟು ಯಂತ್ರದೊಳಗೆ ಸೇರಿಕೊಂಡಿತ್ತು. ನೀರಿನ ಕಚೇರಿಯ ನಲ್ಲಿಯೇ ಸೋರುತ್ತದೆ ಎಂದು ಊರಿಗೆ ತಿಳಿದರೆ ಮಾನ ಹೋದೀತೆಂದು ಅವನು ಆ ವಿಷಯವನ್ನು ಯಾರಿಗೂ ಹೇಳಲಿಲ್ಲ. ಕರೆಯನ್ನು ಹೋಲ್ಡ್‌ನಲ್ಲಿ ಇಟ್ಟಾಗ ಕೇಳಿಸುವ ಹಾಡಿನವನೆಂದು ಅಂದಿನಿಂದ ಅವನಿಗೆ ಹೋಲ್ಡಪ್ಪ ಎಂಬ ಹೆಸರು ಅಂಟಿಕೊಂಡಿತು.

ತಮಾಷೆಯೆಂದರೆ, ತನ್ನ ಸಂಗೀತಕ್ಕೆ ತಾನೇ ಶತ್ರು. ಕರೆ ಬಂದರೆ ನಿಮಿಷದೊಳಗೆ ಎತ್ತಬೇಕು ಎಂಬುದು ನಿಯಮ. ಅವನು ಹತ್ತು ಸೆಕೆಂಡಿನಲ್ಲಿ ಎತ್ತುತ್ತಿದ್ದ. ಒಣಗಿದ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರನ್ನು ಕಾಯಿಸುವುದು ಪಾಪ ಎಂದು ಅವನ ನಂಬಿಕೆ. ಅವನ ಕೈ ಚುರುಕಾದಷ್ಟೂ ಹಾಡು ಮೊಟಕಾಗುತ್ತಿತ್ತು. ಆರು ವರ್ಷದ ಹಿಂದೆ ದೊಡ್ಡ ಪೈಪು ಒಡೆದ ದಿನ ಒಂದನ್ನು ಬಿಟ್ಟರೆ, ಆ ಕೊನೆಯ ಐವತ್ತು ಸೆಕೆಂಡನ್ನು ಯಾರಾದರೂ ಕೇಳಿದ್ದಾರೆ ಎಂದು ನಂಬಲು ಅವನಿಗೆ ಕಾರಣವೇ ಇರಲಿಲ್ಲ. ಆ ದಿನ ಜನ ಮುಕ್ಕಾಲು ಗಂಟೆ ಕಾದಿದ್ದರು. ಅದನ್ನು ನೆನೆದರೆ ಅವನಿಗೆ ಈಗಲೂ ನಾಚಿಕೆಯಾಗುತ್ತಿತ್ತು.

ಸಂಜೆ ಮನೆಗೆ ಬಂದಾಗ ಹೆಂಡತಿ ಎಂದಿನಂತೆ ಫ್ಯಾನಿನ ಕೆಳಗೆ ಚಾಪೆ ಹಾಕಿಕೊಂಡು, ಕಾಲನ್ನು ಸ್ಟೂಲಿನ ಮೇಲೆ ಇಟ್ಟು ಮಲಗಿದ್ದಳು. ಅವಳಿಗೆ ದೊಡ್ಡ ಲಾಂಡ್ರಿಯೊಂದರಲ್ಲಿ ಹಬೆ ಇಸ್ತ್ರಿಯ ಮುಂದೆ ಎಂಟು ಗಂಟೆ ನಿಲ್ಲುವ ಕೆಲಸ. ಮೈಯೆಲ್ಲ ಬೆಂದು ಬಂದವಳಿಗೆ ಆ ಫ್ಯಾನೇ ದೇವರು. ಅದು ಗರಗರ ಎಂದು ಮನೆಯನ್ನೇ ಅರೆಯುವಂತೆ ತಿರುಗುತ್ತಿತ್ತು. ಯಂತ್ರದ ಹೊಟ್ಟೆಯಲ್ಲಿ ಮಾತ್ರ ಉಳಿದಿದ್ದ ಆ ಧಾಟಿಯನ್ನು ಮತ್ತೊಮ್ಮೆ ಊದಿ ತನ್ನ ವೆಬ್‌ಸೈಟಿಗೆ ಹಾಕಬೇಕೆಂದು ಅವನು ಒಂದು ಸಲ ಮೂರೇ ಮೂರು ನಿಮಿಷ ಫ್ಯಾನ್ ಆರಿಸಲು ಕೇಳಿದ್ದ. "ಪ್ರಾಣ ಬೇಕಾದ್ರೆ ತಗೊಳ್ಳಿ, ಫ್ಯಾನ್ ಮಾತ್ರ ಮುಟ್ಟಬೇಡಿ," ಎಂದಿದ್ದಳು. ಅವಳ ಕಾಲಿನ ಊತ ನೋಡಿದ ಮೇಲೆ ಅವನು ಮತ್ತೆ ಕೇಳಲಿಲ್ಲ.

"ಅಂಗಡಿಗೆ ಗಿರಾಕಿ ಬಂದ್ರಾ?" ಎಂದಳು, ಕಣ್ಣು ತೆರೆಯದೆ.

ಅಂಗಡಿ ಎಂದರೆ ಅವನ ವೆಬ್‌ಸೈಟು. ಹನ್ನೊಂದು ವರ್ಷದಿಂದ ದಿನಾ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಅವನು ಅದರಲ್ಲಿ ಏನಾದರೂ ಬರೆಯುತ್ತಿದ್ದ. ತಮ್ಮ ಕಟ್ಟಡದ ಲಿಫ್ಟ್ ಎರಡನೇ ಮಹಡಿ ದಾಟುವಾಗ ಯಾಕೆ ನರಳುತ್ತದೆ, ಬಸ್ಸಿನ ಮುಂಬಾಗಿಲೂ ಹಿಂಬಾಗಿಲೂ ಒಂದೇ ಸ್ವರದಲ್ಲಿ ಮುಚ್ಚಿಕೊಳ್ಳದೆ ಹೇಗೆ ಜಗಳವಾಡುತ್ತವೆ, ರಸ್ತೆ ಅಗೆಯುವ ಯಂತ್ರ ನಿಂತ ಮರುಕ್ಷಣ ಕಿವಿಯಲ್ಲಿ ಉಳಿಯುವ ಸದ್ದಿಗೆ ಹೆಸರೇನು. ಪುಟದ ಕೆಳಗೆ ಅಂದು ಎಷ್ಟು ಜನ ಬಂದರೆಂದು ತೋರಿಸುವ ಅಂಕಿ. ಹೆಚ್ಚಿನ ದಿನ ಅದು ಎರಡು. ಅದರಲ್ಲಿ ಒಂದು ಅವನೇ. ಇಷ್ಟು ವರ್ಷದಲ್ಲಿ ಬಂದ ಒಂದೇ ಒಂದು ಪ್ರತಿಕ್ರಿಯೆ ಬಚ್ಚಲಿನ ಟೈಲ್ಸ್ ಮಾರುವವರದ್ದು.

"ಅದೇ ಎರಡು," ಎಂದ.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರೆ. ನಿಮ್ಮದು ಕೋಣಾನೂ ಇಲ್ಲದ ಕಡೆ ಬಾರಿಸೋದು."

ಅವನಿಗೆ ನಗು ಬಂತು, ಆದರೆ ನಗುವಷ್ಟು ಶಕ್ತಿ ಉಳಿದಿರಲಿಲ್ಲ. ಶುಕ್ರವಾರದ ವಿಷಯ ಹೇಳಿದ. ಅವಳು, "ಹೋದ್ರೆ ಹೋಗ್ಲಿ ಬಿಡಿ. ಸಂಬಳ ಏನು ಕಮ್ಮಿ ಆಗುತ್ತಾ?" ಎಂದು ಮಗ್ಗುಲಾದಳು.

ಆ ಸಂಜೆ ಅವನು ನಾಲ್ಕೇ ಸಾಲು ಬರೆದ. ನೀರಿನ ಕಚೇರಿಗೆ ಫೋನ್ ಮಾಡಿ ಕಾದವರಿಗೆ ಕೇಳಿಸುತ್ತಿದ್ದ ಮೌತ್ ಆರ್ಗನ್ ಶುಕ್ರವಾರ ಸಂಜೆ ಐದಕ್ಕೆ ನಿಲ್ಲುತ್ತದೆ. ಅದಕ್ಕೊಂದು ಕೊನೆಯಿದೆ, ಚೆನ್ನಾಗಿದೆ, ಯಾರೂ ಕೇಳಿದ ಹಾಗಿಲ್ಲ. ಊದಿದವನು ತಾನೇ ಎಂದು ಬರೆದು, ಅಳಿಸಿದ. ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಅದನ್ನು ಕೊನೆಯವರೆಗೆ ಕೇಳಲಿ ಎಂದು ಅವನಿಗೆ ಎಷ್ಟು ಆಸೆಯಾಯಿತೆಂದರೆ ಅವನಿಗೇ ಮುಜುಗರವಾಯಿತು. ಮಂಗಳವಾರ ಅಂಕಿ ಎರಡು. ಬುಧವಾರ ಎರಡು. ಗುರುವಾರ ಒಂದು.

ಶುಕ್ರವಾರ ಮಧ್ಯಾಹ್ನದಿಂದ ಕರೆಗಳು ವಿರಳವಾದವು. ಹೊಸ ಯಂತ್ರದವರು ಮೂಲೆಯಲ್ಲಿ ತಂತಿ ಎಳೆಯುತ್ತಿದ್ದರು. ನಾಲ್ಕೂ ಮುಕ್ಕಾಲಿಗೆ ಅಕ್ಕ ಒಂದು ಕರೆ ಎತ್ತಿ, ಹಲೋ ಹಲೋ ಎಂದು ಇಟ್ಟಳು. "ಎತ್ತಿದ ಕೂಡಲೇ ಕಟ್. ಇದು ಎರಡನೇ ಸಲ. ಯಾರಿಗೋ ಪುರುಸೊತ್ತು ಜಾಸ್ತಿ."

ಮತ್ತೆ ದೀಪ ಮಿನುಗಿತು. ಅಭ್ಯಾಸಬಲದಿಂದ ಅವನ ಕೈ ಮುಂದೆ ಹೋಯಿತು. "ನಮಸ್ಕಾರ, ನೀರಿನ ದೂರು—"

"ಅಯ್ಯೋ, ನೀವೂ ಎತ್ಕೊಂಡ್ಬಿಟ್ರಾ?" ವಯಸ್ಸಾದ ಹೆಂಗಸಿನ ದನಿ. ಹಿಂದೆ ಹೊಲಿಗೆ ಯಂತ್ರದ ಟಕಟಕ ಸದ್ದು, ಆಮೇಲೆ ಅದು ನಿಂತಿತು.

"ಏನಮ್ಮಾ ದೂರು?"

"ದೂರು ಏನಿಲ್ಲಪ್ಪ. ನೀರು ಚೆನ್ನಾಗೇ ಬರ್ತಿದೆ. ನೀವೆಲ್ಲ ಇಷ್ಟು ಬೇಗ ಎತ್ಕೊಂಡ್ರೆ ಹೇಗೆ? ಎರಡು ಸಲ ಮಾಡ್ದೆ, ಆ ಹಾಡು ಶುರು ಆಗೋಷ್ಟರಲ್ಲಿ ಹಲೋ ಅಂತಾರೆ."

ಅವನು ಫೋನನ್ನು ಕಿವಿಗೆ ಒತ್ತಿಕೊಂಡ. "ಯಾವ ಹಾಡು?"

"ಅದೇ, ಕಾಯೋರಿಗೆ ಹಾಕ್ತೀರಲ್ಲ. ಇವತ್ತು ಐದಕ್ಕೆ ನಿಲ್ಸ್ತೀರಂತೆ. ಇಂಟರ್‌ನೆಟ್ಟಲ್ಲಿ ಯಾರೋ ಒಬ್ರು ಬರೀತಾರೆ, ಬಸ್ಸು, ಲಿಫ್ಟು, ಹಾಳು ಮೂಳು ಎಲ್ಲಾ. ನಾನು ಹೆಚ್ಚುಕಮ್ಮಿ ದಿನಾ ಓದ್ತೀನಿ, ಹೊಲಿಗೆ ಮುಗಿಸಿ. ಅವರಿಗೆ ಗೊತ್ತಿಲ್ಲ ಪಾಪ, ಯಾರೂ ಕೇಳಿಲ್ಲ ಅಂತ ಬರ್ದಿದಾರೆ. ಹಿಂದೆ ದೊಡ್ಡ ಪೈಪ್ ಒಡೆದಿತ್ತಲ್ಲ, ಆವತ್ತು ಮುಕ್ಕಾಲು ಗಂಟೆ ಕಾಯ್ಸಿದ್ರಿ. ಹದಿನೈದು ಸಲ ಕೇಳಿದೀನಿ ನಾನು. ಕೊನೇಲಿ ನಲ್ಲಿ ತೊಟ್ಟಿಕ್ಕುತ್ತೆ ನೋಡಿ, ಅಲ್ಲೀತನಕ."

ಹೇಳಬೇಕಾದದ್ದು ನಾಲಿಗೆಯ ತುದಿಯವರೆಗೆ ಬಂದಿತ್ತು. ನಾನೇ ಅಮ್ಮಾ, ಊದಿದವನೂ ನಾನೇ, ಬರೆಯುವವನೂ ನಾನೇ. ಗೋಡೆಯ ಗಡಿಯಾರ ನಾಲ್ಕೂ ಐವತ್ತೊಂದು ತೋರಿಸುತ್ತಿತ್ತು. ಮಾತಾಡುತ್ತ ಕೂತರೆ ಇರುವ ಸಮಯವೂ ಹೋಗುತ್ತಿತ್ತು.

"ಕಾಯ್ತೀರಾ ಅಮ್ಮಾ?" ಎಂದ.

"ಕಾಯೋದಕ್ಕೇ ಅಲ್ವೇನಪ್ಪಾ ಮಾಡಿರೋದು."

ಅವನು ಗುಂಡಿ ಒತ್ತಿದ. ದೀಪ ಮಿನುಗುವುದನ್ನು ಬಿಟ್ಟು ನಿಶ್ಚಲವಾಗಿ ಉರಿಯಿತು. ಆ ಕಡೆ ಕೇಳಿಸುವ ಹಾಡು ಈ ಕಡೆಯವರಿಗೆ ಕೇಳಿಸುವುದಿಲ್ಲ. ಅವನು ಮೇಜಿನ ಕೆಳಗೆ ಪಾದದಲ್ಲಿ ತಾಳ ಹಾಕುತ್ತ ಜೊತೆಗೇ ಹೋದ. ಒಂದು ನಿಮಿಷ ದಾಟಿದಾಗ ಹಲಗೆಯ ಮೇಲೆ ಕಾಯಿಸಿದ ಹೊತ್ತನ್ನು ತೋರಿಸುವ ಅಂಕಿ ಕೆಂಪಾಯಿತು. ಇಪ್ಪತ್ತೆರಡು ವರ್ಷದಲ್ಲಿ ಅವನ ಹೆಸರಿನ ಮುಂದೆ ಆ ಬಣ್ಣ ಬಂದದ್ದು ಪೈಪು ಒಡೆದ ದಿನ ಮಾತ್ರ. ಮೇಲ್ವಿಚಾರಕಿ ದಡಬಡಿಸಿ ಬಂದಳು.

"ಯಾರನ್ನ ಕಾಯಿಸ್ತಿದೀರಿ? ಎತ್ಕೊಳ್ರಿ!"

"ಅವರು ಕಾಯ್ತೀನಿ ಅಂದ್ರು ಮೇಡಂ."

"ಕಾಯ್ತೀನಿ ಅಂತ ಯಾರಾದ್ರೂ ಅಂತಾರಾ?"

ಎರಡು ನಿಮಿಷವಾಗಿತ್ತು. ಅವನ ಪಾದದ ತಾಳ, ಧಾಟಿ ಮೇಲಕ್ಕೆ ಏರುವ ಜಾಗಕ್ಕೆ ಬಂದಿತ್ತು. ಉತ್ತರ ಹೇಳಲು ಅವನ ಹತ್ತಿರ ಉಸಿರಿರಲಿಲ್ಲ. ಅಕ್ಕನೇ ತಲೆಯೆತ್ತಿ, "ಮೇಡಂ, ಆ ಪೀಪಿ ಅವನದು," ಎಂದಳು. "ಅವನೇ ಊದಿದ್ದು. ಐದು ಗಂಟೆ ತನಕ ಬಿಡಿ."

ಮೇಲ್ವಿಚಾರಕಿ ಅವನನ್ನು ನೋಡಿದಳು, ದೀಪವನ್ನು ನೋಡಿದಳು. ಆಮೇಲೆ ತಂತಿ ಎಳೆಯುವವರ ಕಡೆ ಹೋದಳು. ಕೊನೆ ಬಂತು, ನಾಲ್ಕು ಹನಿ ಬಿದ್ದವು. ದೀಪ ಆರಲಿಲ್ಲ. ಧಾಟಿ ಮೊದಲಿನಿಂದ ಮತ್ತೆ ಶುರುವಾಗಿರಬೇಕು. ಇನ್ನೊಂದು ಸಲ ಮುಗಿಯಿತು, ದೀಪ ಉರಿಯುತ್ತಲೇ ಇತ್ತು. ಮೂರನೆಯದೂ ಮುಗಿದಿರಬೇಕು, ಐದಾಯಿತು. ಮೂಲೆಯಲ್ಲಿ ಯಾರೋ ಏನನ್ನೋ ಕಿತ್ತು, ಏನನ್ನೋ ಸೇರಿಸಿದರು. ದೀಪ ತಾನಾಗಿಯೇ ಆರಿತು.

ಅವನು ಮನೆ ಸೇರುವಾಗ ಬೀದಿಯಲ್ಲಿ ಇನ್ನೂ ಬೆಳಕಿತ್ತು. ಲಿಫ್ಟ್ ಕೆಟ್ಟಿತ್ತು, ನಾಲ್ಕು ಮಹಡಿ ಹತ್ತಿದ. ಚಾಪೆ, ಸ್ಟೂಲು, ಊದಿದ ಕಾಲು, ಗರಗರ.

"ಅಂಗಡಿಗೆ ಗಿರಾಕಿ ಬಂದ್ರಾ?"

ಅವನು ಗೋಡೆ ಹಿಡಿದು ಬೂಟು ಬಿಚ್ಚಿದ. "ಒಬ್ರು ಬಂದಿದ್ರು."

"ಏನಂದ್ರು?"

"ಏನೂ ಅನ್ಲಿಲ್ಲ. ಕೊನೆ ತನಕ ಇದ್ರು."

ಅವನ ದನಿಯಲ್ಲಿ ಏನು ಕೇಳಿಸಿತೋ, ಅವಳು ಕಣ್ಣು ತೆರೆದಳು. ಅವನು ಅಲ್ಲೇ ಬಾಗಿಲ ಬಳಿ ನೆಲದ ಮೇಲೆ ಕುಳಿತಿದ್ದ, ಒಂದು ಬೂಟು ಕೈಯಲ್ಲಿ.

"ಆ ಕೊನೆ ನಾನು ಕೇಳೇ ಇಲ್ಲ ಅಲ್ವಾ?" ಎಂದಳು.

"ಈಗ ಅಷ್ಟು ಉಸಿರು ಸಾಲಲ್ಲ ಕಣೇ."

"ಸಾಲಿದಷ್ಟು."

ಅವಳು ಸ್ಟೂಲಿನಿಂದ ಒಂದೊಂದೇ ಕಾಲು ಇಳಿಸಿದಳು. ಸೊಂಟದ ಮೇಲೆ ಕೈಯಿಟ್ಟು ಎದ್ದು, ಗೋಡೆಯವರೆಗೆ ಕುಂಟುತ್ತ ಹೋಗಿ, ಫ್ಯಾನ್ ಆರಿಸಿದಳು. ಗರಗರ ನಿಧಾನವಾಯಿತು, ಬಿಡಿಬಿಡಿಯಾಯಿತು, ನಿಂತಿತು. ಅವಳು ಟವೆಲ್ಲಿನಿಂದ ಹಣೆ ಒರೆಸಿಕೊಂಡು ಮತ್ತೆ ಚಾಪೆಯ ಮೇಲೆ ಬಂದು ಕುಳಿತಳು.